ಕೋದಂಡಪ್ಪನವರ ಲ್ಯಾಪ್‌ಟಾಪ್

ನಮ್ಮೂರಿನ ಹಾಲಿನ ಪುಟ್ಟಗೌರಿ ಬೆಳಿಗ್ಗೆ ಬಾಗಿಲು ತಟ್ಟಿದ ಕೂಡಲೇ ಹೇಳುವ ಮೊದಲ ಮಾತು, ಇವತ್ತು ಲೀಟರಿಗೆ ಒಂದು ಲೋಟ ನೀರು ಹಾಕಿದ್ದೇನೆ ಎಂಬುದು. ಹಾಗೆ ಹೇಳದೆ ಅಳೆದುಕೊಟ್ಟ ದಿನ ಅವಳ ಕಣ್ಣು, ಮೂಗು ಸಂಜೆಯವರೆಗೂ ಸೋರುತ್ತಿರುತ್ತವೆ. ಎರಡು ಸಲ ಒದ್ದರೂ ಸ್ಟಾರ್ಟ್ ಆಗದ ಸ್ಕೂಟರನ್ನು ಆ ವಿಷಯ ಬಾಯಿಬಿಡದೆ ಮಾರಿದ ಡ್ರಾಯಿಂಗ್ ಮೇಷ್ಟ್ರನ್ನು ಅವರ ಮನೆಯವರು ಒಂದು ವರ್ಷ ದಿನಾ ಬೆಳಿಗ್ಗೆ ಮೂರು ಸಲ ಅಲುಗಾಡಿಸಿ ಎಬ್ಬಿಸಬೇಕಾಯಿತು. ಮಾರುವ ವಸ್ತುವಿನ ದೋಷ ಗೊತ್ತಿದ್ದೂ ಮುಚ್ಚಿಟ್ಟರೆ ಅದು ಮಾರಿದವರ ಮೈಗೆ ಬರುತ್ತದೆ. ಕೊಂಡವರ ಎದುರು ನಿಂತು ಒಪ್ಪಿಕೊಂಡರೆ ಹೋಗುತ್ತದೆ. ನಮ್ಮಲ್ಲಿ ಇದು ಮೊದಲಿನಿಂದಲೂ ಹೀಗೆಯೇ. ನಮ್ಮ ಡಾಕ್ಟರು ನಾಲಗೆ ತೋರಿಸಿ ಎನ್ನುವ ಮೊದಲು, ಈಚೆಗೆ ಏನಾದರೂ ಮಾರಿದ್ದೀರಾ ಎಂದು ಕೇಳುತ್ತಾರೆ. ವರದಕ್ಷಿಣೆ ಎಂಬುದು ನಮ್ಮೂರಲ್ಲಿ ನಿಂತುಹೋದದ್ದು ಕೂಡ ಯಾರ ಉಪದೇಶದಿಂದಲೂ ಅಲ್ಲ. ದುಡ್ಡು ಇಸಿದುಕೊಂಡರೆ ಅದು ಮಾರಾಟವೆಂದು ಲೆಕ್ಕವಾಗುತ್ತಿತ್ತು, ಮಗನ ಗೊರಕೆ ಅಪ್ಪನಿಗೆ ಅಂಟಿಕೊಳ್ಳುತ್ತಿತ್ತು.

ಇಂಥ ಊರಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಕೊಳ್ಳುವುದು ಸುಲಭವೆಂದು ಯಾರಿಗಾದರೂ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ನನ್ನ ಹೆಸರು ವಾರಿಜಾ. ಹದಿನೇಳು ವರ್ಷ ನಾನು ಇಂಜಿನಿಯರ್ ಚಂದ್ರಹಾಸರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆದೆ. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಗೋಡೆ ಎಲ್ಲಿ, ಕಿಟಕಿ ಎಲ್ಲಿ, ಕಟ್ಟಿದ ಮೇಲೆ ಮನೆ ಬೀದಿಯಿಂದ ಹೇಗೆ ಕಾಣುತ್ತದೆ, ಎಲ್ಲವನ್ನೂ ಬರೆಯುವವಳು ನಾನು. ಕೆಳಗೆ ಸಹಿ ಅವರದು. ಅವರು ಒಳ್ಳೆಯ ಮನುಷ್ಯರೇ. ಹಬ್ಬಕ್ಕೆ ಸೀರೆ ಕೊಡಿಸುತ್ತಿದ್ದರು, ಮಳೆಯಾದರೆ ಕಾರಿನಲ್ಲಿ ಬಿಡುತ್ತಿದ್ದರು. ಒಂದೇ ಒಂದು ಅಭ್ಯಾಸ ನನಗೆ ವಿಚಿತ್ರವೆನಿಸುತ್ತಿತ್ತು. ಸಹಿ ಹಾಕುವಾಗ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿರುತ್ತಿದ್ದರು. ಸಾರ್, ಇಲ್ಲಿ ಬಚ್ಚಲು ಸ್ವಲ್ಪ ಇಕ್ಕಟ್ಟಾಯಿತು ಎಂದು ನಾನು ಬಾಯಿ ತೆರೆದರೆ ಸಾಕು, ಕೈ ಎತ್ತಿಬಿಡುತ್ತಿದ್ದರು.

"ವಾರಿಜಾ, ನನಗೆ ಹೇಳಬೇಡಿ."

ನನ್ನ ಮೇಲಿನ ನಂಬಿಕೆಯಿಂದ ಹಾಗೆ ಅನ್ನುತ್ತಾರೆ ಎಂದು ಹದಿನೇಳು ವರ್ಷ ಅಂದುಕೊಂಡಿದ್ದೆ.

ಆ ವರ್ಷ ಪುರಸಭೆಯವರು ಹಳೆಯ ತರಕಾರಿ ಮಾರುಕಟ್ಟೆ ಕೆಡವಿ ಹೊಸದು ಕಟ್ಟಿಸುವುದೆಂದು ತೀರ್ಮಾನಿಸಿದರು. ನಕ್ಷೆಯ ಕೆಲಸ ಚಂದ್ರಹಾಸರಿಗೆ ಬಂತು, ಅಂದರೆ ನನಗೆ ಬಂತು. ಕೆಳಗಿನ ಅಂತಸ್ತಿನಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು, ತರಕಾರಿಯವರಿಗೆ ಮೇಲಿನ ಅಂತಸ್ತು ಎಂದು ಅವರು ಹೇಳಿದರು. ಹೇಳಿದಂತೆ ಬರೆದೆ. ಮೇಲೆ ಹತ್ತಲು ಮೂವತ್ತೆಂಟು ಮೆಟ್ಟಿಲಾದವು. ಒಂದೊಂದು ಬುಟ್ಟಿಯ ತೂಕ ಎಷ್ಟಿರುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲು ಹೋದೆ, ಅವರ ಕೈ ಮೇಲೆದ್ದಿತು.

ವಾರದ ನಂತರ ಸೊಪ್ಪು ಮಾರುವ ಸಾವಂತ್ರಕ್ಕ ನನ್ನ ಮನೆಗೆ ಬಂದಳು. ಅವಳ ಹಿಂದೆ ಇನ್ನೂ ನಾಲ್ವರು ಹೆಂಗಸರು. ಮಾರುಕಟ್ಟೆಯ ಹೆಂಗಸರಿಗೆಲ್ಲ ಅವಳೇ ಮುಂದಾಳು. ಕೂರಲು ಹೇಳಿದರೆ ಕೂರಲಿಲ್ಲ. ಮೇಲಿನ ಅಂತಸ್ತಿನ ಸುದ್ದಿ ಅವರಿಗೆ ಮುಟ್ಟಿತ್ತು. ಗಿರಾಕಿಗಳು ಒಂದು ಕಟ್ಟು ಕೊತ್ತಂಬರಿಗೆ ಮೆಟ್ಟಿಲು ಹತ್ತಿ ಬರುವುದಿಲ್ಲ, ತಾವು ಎರಡು ತಿಂಗಳಲ್ಲಿ ಮನೆ ಸೇರುತ್ತೇವೆ ಎಂದು ಅವಳು ಲೆಕ್ಕ ಒಪ್ಪಿಸಿದಳು. ಬರುವ ಪುರಸಭೆ ಮೀಟಿಂಗಿಗೆ ಇನ್ನು ಹನ್ನೆರಡು ದಿನವಿತ್ತು. ಅಷ್ಟರೊಳಗೆ ಇನ್ನೊಂದು ನಕ್ಷೆ ತಂದು ತೋರಿಸಿದರೆ ನೋಡುತ್ತೇವೆಂದು ಅಧ್ಯಕ್ಷೆ ಮಾತು ಕೊಟ್ಟಿದ್ದರಂತೆ.

"ಬರ್ದೋಳು ನೀನೇ ಅಂತ ಗೊತ್ತು ಕಣವ್ವ," ಎಂದಳು ಸಾವಂತ್ರಕ್ಕ. "ಬೈಯ್ಯಕ್ಕೆ ಬಂದಿಲ್ಲ. ಮೇಲೆ ಹತ್ತಿಸಿದ ಕೈನಾಗೇ ಕೆಳಗಿಳಿಸು ಅಂತ ಕೇಳಾಕ್ ಬಂದೀವಿ."

ಮರುದಿನ ಚಂದ್ರಹಾಸರಿಗೆ ವಿಷಯ ತಿಳಿಸಿದೆ. ಅವರು ಸಿಟ್ಟು ಮಾಡಲಿಲ್ಲ. ಆಫೀಸಿನ ಕಂಪ್ಯೂಟರ್ ಆಫೀಸಿನ ಕೆಲಸಕ್ಕೆ ಮಾತ್ರ ಎಂದರು. ಆಮೇಲೆ, ಇಂಥ ಕೆಲಸ ಹಿಡಿದ ಮೇಲೆ ನೀವು ಆಫೀಸಿಗೆ ಬರುವುದೂ ಚೆನ್ನಾಗಿರುವುದಿಲ್ಲ ಎಂದರು. ಒಂದು ಕಾಫಿಯನ್ನೂ ಕುಡಿಸಿ ಕಳಿಸಿದರು.

ಹೀಗೆ ನನಗೆ ಲ್ಯಾಪ್‌ಟಾಪ್ ಬೇಕಾಯಿತು. ಮನೆಯಲ್ಲಿ ಒಂದು ಇತ್ತು, ಅದು ಸತ್ತು ವರ್ಷವಾಗಿತ್ತು. ನಾನಿರುವುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನೆಲ ನಡುಗುತ್ತದೆ, ಕಿಟಕಿ ಮುಚ್ಚಿದರೂ ರಾಗಿ ಹಿಟ್ಟು ಒಳಗೆ ಬರುತ್ತದೆ. ಸತ್ತ ಲ್ಯಾಪ್‌ಟಾಪನ್ನು ಬಿಚ್ಚಿಸಿದಾಗ ಒಳಗೆ ಒಂದು ಮುದ್ದೆಗಾಗುವಷ್ಟು ಹಿಟ್ಟು ಸಿಕ್ಕಿತ್ತು. ಆದ್ದರಿಂದ ಹೊಸದು ಗಟ್ಟಿಯಾಗಿರಬೇಕು. ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋದರೂ ತಾಳಬೇಕು. ಅದಕ್ಕಿಂತ ಮುಖ್ಯವಾಗಿ ಶಕ್ತಿ ಇರಬೇಕು. ಬರಿಯ ನಕ್ಷೆಯಾದರೆ ಯಾವ ಲ್ಯಾಪ್‌ಟಾಪಾದರೂ ಸಾಕಿತ್ತು. ಆದರೆ ಕಟ್ಟದ ಕಟ್ಟಡದೊಳಗೆ ನಡೆದಾಡಿದಂತೆ ತೋರಿಸುವ ಸಿನಿಮಾ ಮಾಡಬೇಕೆಂದರೆ ದೊಡ್ಡ ಮೆಮೊರಿ ಬೇಕು, ಚಿತ್ರಗಳಿಗೆಂದೇ ಬೇರೆ ಕಾರ್ಡು ಬೇಕು. ಇದಕ್ಕೆಲ್ಲ ನನ್ನ ಹತ್ತಿರ ಇದ್ದದ್ದು ಚೀಟಿ ಎತ್ತಿದ ಮೂವತ್ತನಾಲ್ಕು ಸಾವಿರ ರೂಪಾಯಿ. ಸಾಲ ಮಾಡುವವಳಲ್ಲ ನಾನು. ಮಾರುಕಟ್ಟೆಯ ಹೆಂಗಸರು ತಲೆಗಿಷ್ಟು ಹಾಕುತ್ತೇವೆಂದರು, ಬೇಡವೆಂದೆ. ಯಾರ ಹಂಗೂ ಬೇಡ ಎನ್ನುವುದು ನನ್ನ ಹಳೆಯ ರೋಗ.

ಮೊದಲು ಬಸ್ ಸ್ಟ್ಯಾಂಡ್ ಎದುರಿನ ಹೊಸ ಲ್ಯಾಪ್‌ಟಾಪುಗಳ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು ನನ್ನ ಬಜೆಟ್ಟಿಗೆ ಹೊಂದುವ ಮೂರನ್ನು ತೆಗೆದಿಟ್ಟಳು. ಬೆಳ್ಳಿಯಂತೆ ಹೊಳೆಯುತ್ತಿದ್ದವು, ದೋಸೆಯಷ್ಟು ತೆಳ್ಳಗಿದ್ದವು. ಒಂದನ್ನು ಎತ್ತಿ ನೋಡಿ ಇದು ಹೇಗೆ ಎಂದು ಕೇಳಿದ್ದೇ ತಡ, ಅವಳು ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವವಳ ಹಾಗೆ ಶುರುಮಾಡಿದಳು. ಕೀಲು ಎರಡು ವರ್ಷಕ್ಕೆ ಸಡಿಲವಾಗುತ್ತದೆ, ತಳ ಕಾಯುತ್ತದೆ, ತೊಡೆಯ ಮೇಲಿಟ್ಟುಕೊಳ್ಳುವ ಹಾಗಿಲ್ಲ, ಮೆಮೊರಿ ಎಂಟೇ, ಅದನ್ನು ಬೆಸೆದುಬಿಟ್ಟಿರುವುದರಿಂದ ಮುಂದೆ ಹೆಚ್ಚಿಸಲು ಬರುವುದಿಲ್ಲ, ಧೂಳಿಗೆ ಆಗುವುದಿಲ್ಲ, ಕೆಳಗೆ ಬಿದ್ದರೆ ಮುಗಿಯಿತು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಕಣ್ಣು ತೆರೆದು, ಬಣ್ಣ ಯಾವುದು ಕೊಡಲಿ ಎಂದಳು. ನನಗೆ ಬೇಕಾದಂಥದ್ದು ಇದೆಯೇ ಎಂದು ಕೇಳಿದೆ. ಇದೆ ಎಂದು ಗಾಜಿನ ಪೆಟ್ಟಿಗೆಯೊಳಗಿನ ಒಂದನ್ನು ತೋರಿಸಿದಳು. ಅದರ ಏಕೈಕ ದೋಷ ಬೆಲೆ ಎಂದಳು. ಬೆಲೆ ಕೇಳಿದ ಮೇಲೆ ನನಗೂ ಹಾಗೇ ಅನ್ನಿಸಿತು.

ಮರುದಿನ ದಾದಾಪೀರ್ ಸಾಹೇಬರ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಏನೋ ದೊಡ್ಡ ಹೆಸರಿದೆ, ಆದರೆ ಜನ ಕರೆಯುವುದು ಗೊತ್ತಿಲ್ಲದ ಅಂಗಡಿ ಎಂದು. ಮಾಲು ತಂದವರು ಬಾಗಿಲಲ್ಲೇ ಚೀಲ ಇಟ್ಟು ಸುಮ್ಮನೆ ಹೋಗಬೇಕು. ಒಂದು ಮಾತೂ ಆಡಕೂಡದು. ದಾದಾಪೀರ್ ಯಾವುದನ್ನೂ ಬಿಚ್ಚಿ ನೋಡುವುದಿಲ್ಲ, ಸ್ವಿಚ್ ಒತ್ತುವುದಿಲ್ಲ. ಹಾಗಾಗಿ ಅರವತ್ತೆರಡನೆಯ ವಯಸ್ಸಿನಲ್ಲೂ ಅವರಿಗೆ ಒಂದು ನೆಗಡಿಯಿಲ್ಲ. ಇದು ಗಟ್ಟಿಯಾಗಿದೆಯೇ ಎಂದರೆ ಗೊತ್ತಿಲ್ಲ, ಮೆಮೊರಿ ಎಷ್ಟು ಎಂದರೆ ಗೊತ್ತಿಲ್ಲ, ಶುರುವಾಗುತ್ತದೆಯೇ ಎಂದರೆ ಅದೂ ಗೊತ್ತಿಲ್ಲ. ನಾನೇ ಒಂದರ ಸ್ವಿಚ್ ಒತ್ತಲು ಕೈ ಹಾಕಿದಾಗ ಅವರು ಗಾಬರಿಯಿಂದ ಮುಖ ಬೀದಿಯ ಕಡೆ ತಿರುಗಿಸಿಕೊಂಡರು.

ಆ ತಿರುಗಿದ ಮುಖ ನೋಡುತ್ತಿದ್ದಂತೆ ನನ್ನ ಕೈ ಅಲ್ಲೇ ನಿಂತಿತು. ಹದಿನೇಳು ವರ್ಷ ನೋಡಿದ್ದ ಮುಖವದು. ಚಂದ್ರಹಾಸರು ನನ್ನನ್ನು ನಂಬಿರಲಿಲ್ಲ. ದೋಷ ಗೊತ್ತಿದ್ದವಳು ನಾನು, ಮಾರುವವಳು ನಾನಲ್ಲ. ಮಾರುವವರು ಅವರು, ಅವರಿಗೆ ಏನೂ ಗೊತ್ತಿಲ್ಲ. ಇಬ್ಬರ ಮೈಯೂ ಚೆನ್ನಾಗಿತ್ತು. ಇಕ್ಕಟ್ಟಾದ ಬಚ್ಚಲಲ್ಲಿ ಮೊಣಕೈ ತರಚಿಕೊಳ್ಳುತ್ತಿದ್ದವರು ಮಾತ್ರ ಬೇರೆಯವರು. ಅಲ್ಲಿದ್ದ ಒಂದು ಪ್ರಿಂಟರಿನ ಮೇಲೆ ಕೂತುಬಿಟ್ಟೆ. ಅದು ಮುರಿಯಿತು. ದಾದಾಪೀರ್ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರಿಗೇ ಪಾಪ ಅನ್ನಿಸಿರಬೇಕು. ನೀರಿನ ಟ್ಯಾಂಕಿನ ಬೀದಿಯಲ್ಲಿ ಕೋದಂಡಪ್ಪ ಅಂತ ಇದಾರೆ, ಗಣಿ ಕಂಪನಿಯಲ್ಲಿ ನಕಾಶೆ ಬರೆಯುತ್ತಿದ್ದವರು, ಒಂದು ಲ್ಯಾಪ್‌ಟಾಪ್ ಮಾರಬೇಕು ಅಂತ ನನ್ನ ಹತ್ತಿರ ತಂದಿದ್ದರು ಎಂದರು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದೆ.

"ಬಾಗಿಲಲ್ಲೇ ನಿಂತು ಅದರ ದೋಷ ಎಲ್ಲಾ ಹೇಳೋಕೆ ಶುರು ಮಾಡಿದ್ರಮ್ಮಾ," ಎಂದರು ದಾದಾಪೀರ್. "ಕಿವಿ ಮುಚ್ಕೊಂಡು ಒಳಗೆ ಓಡಿದೆ."

ಕೋದಂಡಪ್ಪನವರಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾದ ಮೇಲೆ ನಕ್ಷೆಯ ಕೆಲಸ ಬಿಟ್ಟಿದ್ದರು. ನನ್ನನ್ನು ಕೂರಿಸಿ, ಹೆಂಡತಿ ಇಂದ್ರಮ್ಮನಿಗೆ ಮಜ್ಜಿಗೆ ತರಲು ಹೇಳಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟರು. ಮೇಜು ನರಳಿತು. ಕಪ್ಪು ಬಣ್ಣದ, ಮೂಲೆಗಳಿಗೆ ರಬ್ಬರ್ ಕಟ್ಟಿದ, ನೋಡಲು ಹಳೆಯ ಟ್ರಂಕಿನಂಥ ವಸ್ತು. ಗಣಿಯ ಕಂಪನಿಯವರು ಕಚೇರಿ ಮುಚ್ಚುವಾಗ ಇವರಿಗೆ ಕೊಟ್ಟದ್ದಂತೆ. ನಿವೃತ್ತರಾದ ಮೇಲೂ ಹವ್ಯಾಸಕ್ಕೆ ನಾಲ್ಕು ವರ್ಷ ಬಳಸಿದ್ದರು. ಅದರ ದೋಷಗಳನ್ನು ಅವರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ತೂಕ ಮೂರೂವರೆ ಕೆಜಿ. ಬ್ಯಾಟರಿ ನಲವತ್ತು ನಿಮಿಷ. ಫ್ಯಾನು ಕೂಗುತ್ತದೆ, ಪಕ್ಕದ ಮನೆಯವರು ಒಮ್ಮೆ ಮಿಕ್ಸಿ ಎಂದುಕೊಂಡಿದ್ದರು. ಪರದೆಯ ಎಡ ಮೂಲೆ ಹಳದಿ. ಏಳರ ಕೀಲಿ ಎರಡು ಸಲ ಒತ್ತಬೇಕು. ಕಾದಾಗ ಒಂದು ಥರ ಒಗ್ಗರಣೆ ಸೀದ ವಾಸನೆ. ಎಂಟು ವರ್ಷ ಹಳೆಯದು.

ನಾನು ಕೈ ಚೀಲದಿಂದ ಪೆನ್ ಡ್ರೈವ್ ತೆಗೆದು, ನನ್ನ ಅತಿ ಭಾರದ ಫೈಲೊಂದನ್ನು ಅದರಲ್ಲಿ ಹಾಕಿ ನೋಡಿದೆ. ತೆರೆಯಿತು. ತಿರುಗಿಸಿದರೆ ತಿರುಗಿತು. ತಳದ ಚೀಟಿಯಲ್ಲಿ ಮೆಮೊರಿ ಹದಿನಾರು ಎಂದಿತ್ತು, ಅಷ್ಟಿದ್ದರೆ ಹೇಗೋ ನಿಭಾಯಿಸಬಹುದು ಎಂದುಕೊಂಡೆ. ಹೇಳದೆ ಉಳಿದ ದೋಷ ಯಾವುದಾದರೂ ಇದೆಯೇ ಎಂದು ನಮ್ಮೂರಿನ ಪದ್ಧತಿಯಂತೆ ಮೂರು ಸಲ ಕೇಳಿದೆ. ಮೂರು ಸಲವೂ ಇಲ್ಲವೆಂದರು. ಬೆಲೆ ಎಷ್ಟು ಎಂದೆ. ನಿಮ್ಮ ಹತ್ತಿರ ಎಷ್ಟಿದೆ ಎಂದು ಕೇಳಿದರು. ಹೇಳಿದೆ. ಅದಕ್ಕಿಂತ ಒಂದು ಸಾವಿರ ಕಡಿಮೆ ಕೊಡಿ, ಬ್ಯಾಗಿಗೆ ಬೇಕಾಗುತ್ತದೆ, ಇದಕ್ಕೆ ಮಾಮೂಲಿ ಬ್ಯಾಗು ಸಾಲುವುದಿಲ್ಲ ಎಂದರು. ಮಜ್ಜಿಗೆ ತಂದ ಇಂದ್ರಮ್ಮ ಏನೋ ಹೇಳಲು ಬಾಯಿ ತೆರೆದರು. ಕೋದಂಡಪ್ಪನವರು ಮಜ್ಜಿಗೆಗೆ ಉಪ್ಪು ಸಾಲದು ಎಂದು ಅವರನ್ನು ಒಳಗೆ ಕಳಿಸಿದರು.

ಆ ಮೂರೂವರೆ ಕೆಜಿಯನ್ನು ಮನೆಗೆ ತಂದು ಕೆಲಸ ಶುರುಮಾಡಿದೆ. ಫ್ಯಾನು ಕೂಗಿತು, ಕೆಳಗೆ ಗಿರಣಿ ಇದ್ದುದರಿಂದ ಯಾರಿಗೂ ಕೇಳಿಸಲಿಲ್ಲ. ಎರಡು ದಿನ ಕೂತು ಹೊಸ ಮಾರುಕಟ್ಟೆ ಬರೆದೆ. ತರಕಾರಿಯವರು ಕೆಳಗೆ, ನಾಲ್ಕೂ ಕಡೆ ಬಾಗಿಲು, ಕಟ್ಟೆಗಳು ಸೊಂಟದ ಎತ್ತರಕ್ಕೆ, ನಡುವೆ ನಲ್ಲಿ. ಗಾಜಿನ ಅಂಗಡಿಗಳು ಮೇಲೆ. ಜೊತೆಗೆ ಚಂದ್ರಹಾಸರ ನಕ್ಷೆಯನ್ನೂ ನೆನಪಿನಿಂದ ಮತ್ತೆ ಬರೆದೆ. ಹೇಗೂ ಅದು ನನ್ನದೇ ಅಲ್ಲವೇ. ಎರಡನ್ನೂ ಸಿನಿಮಾ ಮಾಡಲು ಹಾಕಿ, ಆಫೀಸಿನ ಕಂಪ್ಯೂಟರಿನಲ್ಲಿ ಇದಕ್ಕೆ ಒಂದೂವರೆ ದಿನ ಹಿಡಿಯುತ್ತಿತ್ತು ಎಂದುಕೊಂಡು ಅನ್ನಕ್ಕಿಡಲು ಎದ್ದೆ. ಕುಕ್ಕರ್ ಮೂರನೆಯ ಸಲ ಕೂಗುವಷ್ಟರಲ್ಲಿ ಮುಗಿದಿತ್ತು.

ನಂಬಿಕೆಯಾಗಲಿಲ್ಲ. ಒಳಗೆ ಏನಿದೆ ಎಂದು ಹುಡುಕಿ ನೋಡಿದೆ. ಮೆಮೊರಿ ಹದಿನಾರಲ್ಲ, ಅರವತ್ತನಾಲ್ಕು. ಚಿತ್ರದ ಕಾರ್ಡು, ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಲ್ಯಾಪ್‌ಟಾಪಿನದಕ್ಕೆ ಅಣ್ಣ. ಯಾರೋ ಮುತುವರ್ಜಿಯಿಂದ ಒಂದೊಂದನ್ನೇ ಬದಲಿಸಿದ್ದರು. ವಸ್ತು ಕೊಳ್ಳುವಾಗ ನಮ್ಮೂರಿನವರು ಹುಡುಕುವುದು ದೋಷವನ್ನು. ಹೇಳಿದ್ದಕ್ಕಿಂತ ಚೆನ್ನಾಗಿರಬಹುದೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಕೋದಂಡಪ್ಪನವರಿಗೆ ವಯಸ್ಸಾಗಿ ಮರೆತಿರಬೇಕು, ಮೀಟಿಂಗ್ ಮುಗಿದ ಮೇಲೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮುಚ್ಚಿಟ್ಟರೆ ತೊಂದರೆ ಮಾರಿದವರಿಗೆ ಮಾತ್ರ, ಕೊಂಡವರಿಗಲ್ಲ ಎಂಬುದನ್ನೂ ಒಂದು ಸಲ ಮನಸ್ಸಿನಲ್ಲೇ ಖಾತ್ರಿಪಡಿಸಿಕೊಂಡೆ.

ಅದಾದ ಎರಡನೆಯ ದಿನ ಇಂದ್ರಮ್ಮ ಗಿರಣಿಯ ಮೆಟ್ಟಿಲು ಹತ್ತಿ ಬಂದರು. ಬಂದವರೇ, ನೀವು ಅದನ್ನು ತಗೊಂಡು ಹೋದಾಗಿನಿಂದ ಮನೆಯಲ್ಲಿ ಇರೋಕಾಗ್ತಿಲ್ಲ ಎಂದರು. ಗಂಡನಿಗೆ ಎಲ್ಲ ನೆನಪಾಗುತ್ತಿತ್ತು. ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮನುಷ್ಯ, ಎದುರುಮನೆಯವರು ಹತ್ತು ವರ್ಷದ ಹಿಂದೆ ಒಯ್ದ ಏಣಿಯನ್ನು ತಾರೀಖಿನ ಸಮೇತ ವಾಪಸು ಕೇಳಿ ಜಗಳ ತಂದಿದ್ದರು. ತಂಗಿಯ ಗಂಡ ಯಾವ ಮದುವೆಯಲ್ಲಿ ಎಷ್ಟು ಹೋಳಿಗೆ ತಿಂದಿದ್ದ ಎಂದು ಅವನ ಎದುರಿಗೇ ಹೇಳಿದ್ದರು. ಇಂದ್ರಮ್ಮ ಒಂದು ಮಾತಾಡಿದರೆ, ಇದೇ ಮಾತನ್ನು ನೀನು ಬೇರೆ ಥರ ಆಡಿದ್ದೆ ಎಂದು ಹಳೆಯದನ್ನು ಅಕ್ಷರಶಃ ಒಪ್ಪಿಸುತ್ತಿದ್ದರು. ಅದೂ ಸಾಲದೆಂದು ನಿನ್ನೆ ಅಟ್ಟದ ಮೇಲಿಂದ ಬಿದ್ದಿದ್ದರಂತೆ. ಬಿದ್ದವರು ಎದ್ದು, ಪಂಚೆ ಕೊಡವಿಕೊಂಡು, ಕಾಫಿ ಆಯಿತೇ ಎಂದು ಕೇಳಿದರಂತೆ. ಒಂದು ಗೀರಿಲ್ಲ. ಡಾಕ್ಟರು ಏನು ಮಾರಿದಿರಿ ಎಂದು ಕೇಳಿ, ಲ್ಯಾಪ್‌ಟಾಪ್ ಎಂದ ಕೂಡಲೇ ತಲೆ ಕೆರೆದುಕೊಂಡು, ಇಂಥ ಕಾಯಿಲೆ ನಾನು ನೋಡಿಲ್ಲ ಎಂದು ಫೀಸು ವಾಪಸು ಕೊಟ್ಟಿದ್ದರು.

ನನಗೆ ಅರ್ಥವಾಯಿತು. ದೋಷ ಮುಚ್ಚಿಟ್ಟರೆ ದೋಷ ಬರುತ್ತದೆ. ಗುಣ ಮುಚ್ಚಿಟ್ಟರೆ? ಅದನ್ನು ಯಾರೂ ಕಂಡಿರಲಿಲ್ಲ, ಏಕೆಂದರೆ ಗುಣ ಮುಚ್ಚಿಟ್ಟು ಮಾರುವ ಹುಚ್ಚರು ನಮ್ಮೂರಿನಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಇಂದ್ರಮ್ಮನ ಜೊತೆಯಲ್ಲೇ ಹೊರಟೆ. ಕೋದಂಡಪ್ಪನವರು ನನ್ನನ್ನು ನೋಡಿ, ನೀವು ಮೊನ್ನೆ ಬಂದಾಗ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಹೊಲಿಸಿದ್ದೀರಿ ಎಂದರು. ಒಳಗೆ ಅರವತ್ತನಾಲ್ಕು ಇದೆ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಬಾಯಿ ಬಿಗಿಹಿಡಿದು ಕೂತರು. ನಾನು ಮತ್ತೆ ಕೇಳಿದೆ. ಆಗ ಎದ್ದು, ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಿಟಕಿಯ ಪಕ್ಕ ತೋರಿಸಿದರು. ಅಲ್ಲಿ ಒಬ್ಬರು ಕೂರುವಷ್ಟು ಪುಟ್ಟ ಕಟ್ಟೆಯಿತ್ತು. ಮೇಲೆ ಮಡಿಸಿಟ್ಟ ಹಳೆಯ ಸೀರೆ, ಬಿಡಿಸಿದ ಅವರೆಕಾಳಿನ ಮೊರ.

"ಈ ಮನೆ ನಕ್ಷೆಗೆ ಚಂದ್ರಹಾಸನ ಸಹಿ ಇದೆ," ಎಂದರು. "ಅವನು ಒಂದು ದಿನವೂ ಅಡುಗೆಮನೆಗೆ ಕಾಲಿಟ್ಟವನಲ್ಲ, ನನಗೆ ಗೊತ್ತು. ಇಲ್ಲೊಂದು ಕಟ್ಟೆ ಬೇಕು ಅಂತ ನಾವು ಕೇಳಿರಲಿಲ್ಲ. ಹನ್ನೊಂದು ವರ್ಷದಿಂದ ಇವಳು ಇಲ್ಲೇ ಕೂತು ಕಾಲುನೋವು ಮರೀತಾಳೆ. ಆಮೇಲೆ ನಾನು ಊರಲ್ಲಿ ಅವನು ಕಟ್ಟಿಸಿದ ಮನೆಗಳಿಗೆಲ್ಲ ಏನೋ ನೆವ ಮಾಡ್ಕೊಂಡು ಹೋಗಿ ನೋಡಿದೆ. ಎಲ್ಲಾ ಅಡುಗೆಮನೆಯಲ್ಲೂ ಈ ಕಟ್ಟೆ ಇದೆ. ಬರೆದವರು ಯಾರು ಅಂತ ವಿಚಾರಿಸಿದೆ."

ಆ ಕಟ್ಟೆ ನನ್ನ ಅಮ್ಮನಿಗೆಂದು ಶುರುವಾದದ್ದು. ಅವಳು ಹೋದ ಮೇಲೂ ಕೈ ಬಿಟ್ಟಿರಲಿಲ್ಲ. ಯಾರಾದರೂ ಗಮನಿಸಿದ್ದಾರೆಂದು ಗೊತ್ತಿರಲಿಲ್ಲ.

"ಇನ್ನುಳಿದದ್ದನ್ನ ನಾನು ಬಾಯಿ ಬಿಟ್ಟು ಹೇಳಲ್ಲ," ಎಂದರು ಕೋದಂಡಪ್ಪ. "ಹೇಳಿದ್ರೆ ಜಾಸ್ತಿ ಬೆಲೆದು ಅಂತ ನೀವು ವಾಪಸ್ ತಂದಿಡ್ತೀರಿ. ನಿಮ್ಮ ಸ್ವಭಾವನೂ ವಿಚಾರಿಸಿದೀನಿ. ಮೀಟಿಂಗ್ ಮುಗೀಲಿ."

ಮೀಟಿಂಗಿನ ದಿನ ಪುರಸಭೆಯ ಸಭಾಂಗಣದ ತಿರುವಿನಲ್ಲಿ ಒಂದು ಹಸು ಅಡ್ಡ ಬಂತು. ಬ್ರೇಕ್ ಹಾಕಿದೆ, ನಾನು ಒಂದು ಕಡೆ, ಲ್ಯಾಪ್‌ಟಾಪ್ ಇನ್ನೊಂದು ಕಡೆ. ನನ್ನ ಮಂಡಿ ತರಚಿತು. ಲ್ಯಾಪ್‌ಟಾಪ್ ಬಿದ್ದ ಜಾಗದಲ್ಲಿ ರಸ್ತೆಯ ಡಾಂಬರು ಚಕ್ಕೆ ಎದ್ದಿತ್ತು. ಎತ್ತಿ ಸ್ವಿಚ್ ಒತ್ತಿದೆ, ಫ್ಯಾನು ಎಂದಿನಂತೆ ಕೂಗಿತು.

ಸಭಾಂಗಣದ ತುಂಬ ಮಾರುಕಟ್ಟೆಯ ಹೆಂಗಸರು. ವೇದಿಕೆಯ ಮೇಲೆ ಅಧ್ಯಕ್ಷೆ, ಸದಸ್ಯರು, ಒಂದು ಬದಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಚಂದ್ರಹಾಸರು. ಮುಂಗಡ ಆಗಲೇ ತೆಗೆದುಕೊಂಡಿದ್ದರು. ಅಂದರೆ ನಮ್ಮೂರಿನ ಲೆಕ್ಕದಲ್ಲಿ ಅವರು ಮಾರುವವರು. ಮೊದಲು ಅವರ ನಕ್ಷೆಯ ಸಿನಿಮಾ ತೋರಿಸುತ್ತೇನೆ, ಆಮೇಲೆ ನನ್ನದು ಎಂದೆ. ದೀಪ ಆರಿಸಿದರು. ಚಂದ್ರಹಾಸರು ಒಂದು ಸಲ ನನ್ನ ಕಡೆ ನೋಡಿ, ನಿಧಾನವಾಗಿ ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕೆ ಕೂತವರಂತೆ ಕಾಣುತ್ತಿದ್ದರು.

ಸಿನಿಮಾವನ್ನು ನಾನು ಬುಟ್ಟಿ ಹೊತ್ತ ಹೆಂಗಸಿನ ಕಣ್ಣಿನ ಎತ್ತರದಿಂದ ಮಾಡಿದ್ದೆ. ಗೋಡೆಯ ಮೇಲೆ ಗಾಜಿನ ಅಂಗಡಿಗಳು ಹಾದುಹೋದವು, ಮೆಟ್ಟಿಲು ಬಂದವು. ಚಿತ್ರ ಒಂದಿಷ್ಟೂ ಕುಂಟಲಿಲ್ಲ, ತಡೆಯಲಿಲ್ಲ. ಸಭೆಯಲ್ಲಿದ್ದವರೆಲ್ಲ ತಾವೇ ಹತ್ತುತ್ತಿರುವಂತೆ ಕತ್ತು ಎತ್ತಿದರು. ಆಗ ಹಿಂದಿನ ಸಾಲಿನಿಂದ ಸಾವಂತ್ರಕ್ಕ ಎಣಿಸಲು ಶುರುಮಾಡಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಅವಳ ಪಕ್ಕದವಳು ಸೇರಿದಳು. ಹತ್ತರ ಹೊತ್ತಿಗೆ ಎಲ್ಲ ಹೆಂಗಸರೂ ಒಟ್ಟಿಗೆ ಎಣಿಸುತ್ತಿದ್ದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಚಂದ್ರಹಾಸರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಆದರೆ ತರಕಾರಿ ಕೂಗಿ ಮಾರುವ ಗಂಟಲುಗಳು ಅವು. ಎರಡು ಬೆರಳಿಗೆ ನಿಲ್ಲುವಂಥವಲ್ಲ. ಇಪ್ಪತ್ತೈದರ ನಂತರ ಅವರೆಲ್ಲ ಏದುಸಿರು ಬಿಡುತ್ತಾ ಎಣಿಸಿದರು. ಮೂವತ್ತೆಂಟು ಎಂದು ನಿಲ್ಲಿಸಿದಾಗ ಯಾರೋ ಒಬ್ಬಳು, ನೀರು ಕೊಡ್ರವ್ವ, ನಲ್ಲಿ ಎಲ್ಲೈತಿ ಎಂದಳು. ಆ ನಕ್ಷೆಯಲ್ಲಿ ಮೇಲಿನ ಅಂತಸ್ತಿಗೆ ನಲ್ಲಿಯಿರಲಿಲ್ಲ.

ಆಮೇಲೆ ನನ್ನ ಮಾರುಕಟ್ಟೆ ತೋರಿಸಿದೆ. ಬಾಗಿಲು, ಕಟ್ಟೆ, ಬೆಳಕು, ನಲ್ಲಿ. ಅದಕ್ಕೆ ಯಾರೂ ಎಣಿಸಲಿಲ್ಲ. ನನ್ನ ನಕ್ಷೆಯ ದೋಷ ಏನೆಂದು ಅಧ್ಯಕ್ಷೆ ಕೇಳಿದರು. ಪಡುವಣ ಬದಿಯ ಎಂಟು ಕಟ್ಟೆಗಳಿಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಸಿಲು ಹೊಡೆಯುತ್ತದೆ, ಮೇಲಿನ ಅಂಗಡಿಗಳಿಂದ ಪುರಸಭೆಗೆ ಬರುವ ಬಾಡಿಗೆ ಕಡಿಮೆಯಾಗುತ್ತದೆ ಎಂದು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಕೆಲಸದ ದೋಷವನ್ನು ಕೇಳುವವರ ಮುಂದೆ ಹೇಳಿದ್ದೆ. ಮೈ ಹಗುರವಾಯಿತು. ಅವರು ಚಂದ್ರಹಾಸರ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅವರು ಎದ್ದು ನಿಂತು, ವರ್ಷಗಳಿಂದ ಹೇಳಿ ಹೇಳಿ ನುಣುಪಾಗಿದ್ದ ಮಾತನ್ನೇ ಹೇಳಿದರು.

"ನನಗೆ ಗೊತ್ತಿರೋ ಹಾಗೆ ಯಾವ ದೋಷವೂ ಇಲ್ಲ."

ಹೇಳಿ, ಕೈಮುಗಿದು, ವೇದಿಕೆ ಇಳಿಯಲು ಹೊರಟರು. ವೇದಿಕೆಗೆ ಇದ್ದದ್ದು ಮೂರೇ ಮೆಟ್ಟಿಲು. ಅಂಚಿಗೆ ಬಂದು ಕಾಲು ಎತ್ತಿದರು, ಕಾಲು ಕೆಳಗಿಳಿಯಲಿಲ್ಲ. ಇನ್ನೊಂದು ಕಾಲು ಪ್ರಯತ್ನಿಸಿದರು. ಪಕ್ಕಕ್ಕೆ ತಿರುಗಿ ನೋಡಿದರು, ಹಿಮ್ಮುಖವಾಗಿ ಇಳಿಯಲು ನೋಡಿದರು. ಹೆಗಲ ಮೇಲೆ ಒಂದು ಮೂಟೆ ಕೂತಂತೆ ಬೆನ್ನು ಬಾಗಿತು, ಹಣೆಯಲ್ಲಿ ಬೆವರು ಮೂಡಿತು. ಯಾರೂ ನಗಲಿಲ್ಲ. ನಗು ಬರುತ್ತದೆಂದು ಕಾದಿದ್ದೆ, ನನಗೂ ಬರಲಿಲ್ಲ. ಬಾಗಿದ ಆ ಬೆನ್ನು ಹೆಂಗಸರಿಗೆಲ್ಲ ಪರಿಚಯದ್ದಾಗಿತ್ತು. ಕೊನೆಗೆ ಸಾವಂತ್ರಕ್ಕ ಎದ್ದು ವೇದಿಕೆಯ ಹತ್ತಿರ ಬಂದಳು.

"ಹೇಳ್ಬಿಡ್ರಿ ಇಂಜಿನಿಯರ್ರೇ," ಎಂದಳು ಮೆಲ್ಲಗೆ. "ಹೇಳಿದ್ರೆ ಇಳೀತೀರಿ."

ಅವರು ನನ್ನ ಕಡೆ ನೋಡಿದರು. ಹದಿನೇಳು ವರ್ಷದಲ್ಲಿ ಅವರು ನೇರವಾಗಿ ನನ್ನ ಮುಖ ನೋಡಿದ್ದು ಅದೇ ಮೊದಲಿರಬೇಕು. ಮೂವತ್ತೆಂಟು ಮೆಟ್ಟಿಲಿವೆ, ನೀರಿಲ್ಲ, ಹೊರೆ ಹೊತ್ತವರಿಗೆ ಆಗುವುದಿಲ್ಲ ಎಂದರು. ಬರೆದದ್ದು ವಾರಿಜಾ, ಹೇಳಲು ಬಂದಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ ಎಂದೂ ಸೇರಿಸಿದರು. ಕಾಲು ಮೆಟ್ಟಿಲಿಗಿಳಿಯಿತು. ಸಾವಂತ್ರಕ್ಕ ಕೈ ಕೊಟ್ಟು ಇಳಿಸಿಕೊಂಡಳು.

ಕೆಳಗಿನ ಮಾರುಕಟ್ಟೆಗೆ ಮಂಜೂರಾತಿ ಸಿಕ್ಕಿತು. ನಕ್ಷೆಯ ಕೆಳಗೆ ಸಹಿ ಹಾಕಲು ಪೆನ್ನು ಕೊಟ್ಟಾಗ, ನನ್ನ ಸಹಿ ಹೇಗಿರುತ್ತದೆ ಎಂದು ನನಗೇ ಒಂದು ಕ್ಷಣ ತೋಚಲಿಲ್ಲ. ಹೆಸರನ್ನು ಶಾಲೆಯ ಮಕ್ಕಳ ಹಾಗೆ ಬಿಡಿಬಿಡಿಯಾಗಿ ಬರೆದೆ.

ಮರುದಿನವೇ ಇಂದ್ರಮ್ಮ ಗಂಡನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿ ಬಾಯಿ ಬಿಡಿಸುತ್ತಾರೆ, ಆ ಮನುಷ್ಯರ ನೆನಪೆಲ್ಲ ಹೊರಟುಹೋಗುತ್ತದೆ ಎಂದು ಕಾದೆ. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಇಂದ್ರಮ್ಮ ಒಬ್ಬರೇ ಬಂದರು, ಕೈಯಲ್ಲಿ ಕೋಡುಬಳೆಯ ಡಬ್ಬಿ. ಅವರನ್ನು ಇನ್ನೂ ಯಾಕೆ ಕರೆತಂದಿಲ್ಲ ಎಂದು ಕೇಳಿದೆ. ಅವರು ಕೂತು, ಸೆರಗಿನಿಂದ ಕುರ್ಚಿಯ ಮೇಲಿನ ಹಿಟ್ಟು ಒರೆಸಿ, ಲ್ಯಾಪ್‌ಟಾಪನ್ನೇ ಸ್ವಲ್ಪ ಹೊತ್ತು ನೋಡಿದರು.

ವಿಷಯ ಹೀಗಾಗಿತ್ತು. ಮದುವೆಯಾದ ಹೊಸತರಲ್ಲಿ ಗಣಿಯ ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ಇದ್ದಾಗಿನ ಸಂಗತಿಗಳನ್ನು ಕೋದಂಡಪ್ಪನವರು ಈಗೀಗ ಒಂದೊಂದೇ ತೆಗೆದು ಹೇಳುತ್ತಿದ್ದರು. ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ಒಂದು, ಅವರೆಕಾಳು ಬಿಡಿಸುವಾಗ ಒಂದು. ಇಂದ್ರಮ್ಮ ಯಾವ ಸೀರೆಯಲ್ಲಿ ಹೇಗಿದ್ದರು, ಮೊದಲ ಸಲ ಮಾಡಿದ ಸಾರಿಗೆ ಏನು ಮರೆತಿದ್ದರು, ಸಿಟ್ಟು ಬಂದು ಮೂರು ದಿನ ಮಾತು ಬಿಟ್ಟಾಗ ಗೋಡೆಗೆ ಏನೇನು ಹೇಳಿದ್ದರು. ಆಗ ಒಂದು ಮಾತೂ ಆಡದ ಮನುಷ್ಯ ಎಲ್ಲವನ್ನೂ ನೋಡುತ್ತಿದ್ದರೆಂದು ಐವತ್ತು ವರ್ಷದ ಮೇಲೆ ಗೊತ್ತಾಗುತ್ತಿತ್ತು. ಹೇಳುವಾಗ ಇಂದ್ರಮ್ಮ ನನ್ನ ಕಡೆ ನೋಡದೆ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಿದ್ದರು.

"ಒಂದೇ ತಕರಾರು," ಎಂದರು. "ನನ್ನನ್ನ ನೋಡೋಕೆ ಬಂದ ದಿನ ಹೊರಗೆ ಜಗಲಿ ಮೇಲೆ ನಮ್ಮಪ್ಪನ ಹತ್ರ ನನ್ನ ಬಗ್ಗೆ ಏನೋ ಹೇಳಿ ಇಬ್ಬರೂ ನಕ್ಕರು. ಅದು ಮಾತ್ರ ನೆನಪಿಗೆ ಬರ್ತಿಲ್ಲ ಅಂತಾರೆ. ಇದರ ಮೆಮೊರಿ ಇನ್ನೂ ಜಾಸ್ತಿ ಮಾಡಿಸಬಹುದಂತಲ್ಲ. ಖರ್ಚು ನಾನು ಕೊಡ್ತೀನಿ."

ನಾನು ಲ್ಯಾಪ್‌ಟಾಪ್ ಮಗುಚಿ ತಳ ತೋರಿಸಿದೆ. ಇರುವ ಜಾಗವೆಲ್ಲ ಭರ್ತಿಯಾಗಿದೆ, ಇದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ವಿವರಿಸಿದೆ.

ಇಂದ್ರಮ್ಮ ಬಗ್ಗಿ ತಳದ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಸೆರಗು ಕೊಡವಿಕೊಂಡರು.

"ಹಾಗಾದ್ರೆ ಇರೋದ್ರಲ್ಲೇ ಸರಿಯಾಗಿ ಹುಡುಕಿ ಅಂತೀನಿ," ಎಂದು ಹೇಳಿ ಮೆಟ್ಟಿಲಿಳಿದು ಹೋದರು.